ದುಪಟ್ಟಾ ಕೆಳಗಿನ ಷಟ್ಪದಿ

ಘಾಟಿಯ ದನದ ಜಾತ್ರೆಯಲ್ಲಿ ದಲ್ಲಾಳಿಯಾಗಿ ಮೇಲೆ ಬಂದವನು ನಾನು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಅದುಮಿ ತಿಳಿಸುತ್ತೇವೆ. ಹತ್ತನೇ ತರಗತಿಯ ಮಗಳು ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಲಾರದೆ ಅಳುತ್ತ ಕೂತಾಗ ನನಗೆ ಹೊಳೆದದ್ದೂ ಅದೇ. ಲಘುವಿಗೆ ಒಂದು ಬೆರಳು, ಗುರುವಿಗೆ ಎರಡು; ಜಾತ್ರೆಯ ಹಾಗೇ ಬಟ್ಟೆ ಕೆಳಗೆ.

"ಒತ್ತಕ್ಷರ ಬಂದ್ರೆ ಅದರ ಹಿಂದಿನ ಅಕ್ಷರ ಯಾಕಪ್ಪಾ ಗುರು ಆಗ್ಬೇಕು?"

"ಹೊರೆ ಇರೋದು ಗಾಡೀಲಿ. ಭಾರ ಯಾರಿಗಮ್ಮ? ಎಳೆಯೋ ಎತ್ತಿಗೆ ತಾನೆ!"

ವಾರದಲ್ಲಿ ಪಳಗಿದಳು. ಮಕ್ಕಳಿರುವವರಿಗೆಲ್ಲ ನನ್ನದೊಂದು ಬುದ್ಧಿಮಾತು: ತಲೆಗೆ ಹತ್ತದ್ದನ್ನು ಕೈಗೆ ಕೊಟ್ಟು ನೋಡಿ. ಆದರೆ ಪರೀಕ್ಷೆಯಲ್ಲಿ ಕೈ ಮುಚ್ಚಿಕೊಳ್ಳಬಾರದೆಂದು ಹೇಳಲು ನಾನು ಮರೆತಿದ್ದೆ.

ಅರ್ಧವಾರ್ಷಿಕ ಪರೀಕ್ಷೆಯ ದಿನ ಅವಳನ್ನು ಬಿಟ್ಟು, ಶಾಲೆಯ ಎದುರೇ ಟೀ ಕುಡಿಯುತ್ತಿದ್ದೆ. ಫೋನ್ ಬಂತು: "ನಿಮ್ಮ ಮಗಳು ದುಪಟ್ಟಾ ಕೆಳಗೆ ಚೀಟಿ ಇಟ್ಕೊಂಡು ಕಾಪಿ ಹೊಡೀತಿದಾಳೆ. ಬನ್ನಿ."

ಓಡಿದೆ. ಉತ್ತರಪತ್ರಿಕೆ ಕನ್ನಡ ಮೇಡಂ ಕೈಯಲ್ಲಿತ್ತು. ವಾಪಸ್ ಕೊಡದಿದ್ದರೆ ಸೊನ್ನೆಯೇ ಗತಿ. ಮಗಳು ಬಿಕ್ಕುತ್ತಿದ್ದಳು.

"ಚೀಟಿ ಸಿಕ್ತಾ ಮೇಡಂ?"

"ಸಿಕ್ಕಿಲ್ಲ. ಅದಕ್ಕೇ ಅನುಮಾನ ಜಾಸ್ತಿ ಆಗಿರೋದು."

ಬೆರಳಿನ ಕಥೆ ಹೇಳಿದೆ. ಮೇಡಂ ನಂಬಲಿಲ್ಲ. "ಪರೀಕ್ಷೆ ಮಾಡದೆ ನಾವು ಎತ್ತೂ ಕೊಳ್ಳಲ್ಲ ಮೇಡಂ. ನೀವೇ ಅವಳ ಕೈ ಹಿಡಿದು ಒಂದು ಸಾಲು ಹೇಳಿ," ಎಂದೆ.

ದುಪಟ್ಟಾ ಕೆಳಗೆ ಕೈಗೆ ಕೈ ಸೇರಿತು. ಮೇಡಂ ಅಲ್ಲೇ ಕಟ್ಟಿ ಹೇಳಿದರು: "ಹೊಲದ ಬದುವಲಿ ನಿಂತು ನೋಡಿದೆ."

ಮಗಳು ಮೂಗೊರೆಸಿಕೊಂಡು ಬೆರಳು ಅದುಮತೊಡಗಿದಳು. ಮೇಡಂ ತುಟಿ ಅಲುಗಿತು: ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿಯ ಮಾತ್ರೆ ಲೆಕ್ಕ ಸರಿಯಾಗಿತ್ತು. ಹುಬ್ಬು ಮೇಲೇರಿತು. ಉತ್ಸಾಹದಿಂದ ಇನ್ನೊಂದು ಕಟ್ಟಿದರು: "ಹಳೆಯ ಎತ್ತಿನ ಕೊರಳ ಗಂಟೆ."

ಮಗಳ ಕೈ ನಿಂತಿತು. "ಮೇಡಂ, ಕೊನೇಲಿ ಒಂದು ಮಾತ್ರೆ ಕಮ್ಮಿ ಬಿತ್ತು."

ಮೇಡಂ ಮತ್ತೊಮ್ಮೆ ಎಣಿಸಿ ನೋಡಿದರು.

"'ಗಂಟೆಯು' ಅಂತ ಮಾಡ್ಕೊಳಿ ಮೇಡಂ, ಸರಿಹೋಗುತ್ತೆ," ಎಂದು ಮೆಲ್ಲಗೆ ಸೇರಿಸಿದಳು.

ಮೇಡಂ ನಗು ತಡೆಯಲಾರದೆ ಉತ್ತರಪತ್ರಿಕೆ ಅವಳ ಮುಂದಿಟ್ಟರು. ಅಲ್ಲಿಗೆ ಬಿಡುವವನೇ ನಾನು?

"ಟೈಮ್ ಹಾಳಾಯ್ತಲ್ಲ ಮೇಡಂ, ಇಪ್ಪತ್ತು ನಿಮಿಷ ಜಾಸ್ತಿ ಕೊಡಿ."

"ಹಾಳಾಗಿದ್ದು ಹತ್ತು. ಹತ್ತೇ ಕೊಡೋದು."

"ಅತ್ತಿದ್ದಕ್ಕೆ ಏನೂ ಇಲ್ವಾ?"

"ಹದಿನೈದು. ಆದ್ರೆ ನೀವು ಈಗಲೇ ಗೇಟಿನ ಆಚೆ ಹೋಗ್ಬೇಕು."

ಒಳ್ಳೆಯ ಬೆಲೆ ಬಂದಾಗ ಮತ್ತೆ ಎಳೆಯಬಾರದು. ಚಪ್ಪಲಿ ಹಾಕಿಕೊಂಡು ಹೊರಟೆ.