ಒಡಕು ಲೆನ್ಸಿಗೆ ಕಾಡಿಗೆ

"ಇವಳು ಬಿಚ್ಚಿದ್ದು ಕೂಡಲ್ಲ, ಓದಿದ್ದು ಮುಗಿಯಲ್ಲ" ಎಂದವರು ನಮ್ಮತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನ್ಯಾಮತಿಯ ನಮ್ಮ ಮನೆಯಲ್ಲೇ ಇದ್ದರು. ಚಿಕ್ಕವಳಿದ್ದಾಗ ನಾನು ಅವರ ಅಲಾರಂ ಗಡಿಯಾರ ಬಿಚ್ಚಿ, ಮತ್ತೆ ಜೋಡಿಸುವಾಗ ಒಂದು ಸ್ಪ್ರಿಂಗ್ ಹೊರಗೇ ಉಳಿಸಿದ್ದೆ. ಆ ಸಿಟ್ಟು ಅವರಿಗೆ ಆರಿರಲಿಲ್ಲ.

ನಮ್ಮ ಮನೆತನದಲ್ಲಿ ಯಾರೂ ಹೈಸ್ಕೂಲು ದಾಟಿರಲಿಲ್ಲ. ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಓದಿಸುತ್ತಿದ್ದದ್ದು ಊರೂರು ತಿರುಗಿ ಫೋಟೋ ತೆಗೆಯುತ್ತಿದ್ದ ಅಪ್ಪನ ಹತ್ತಿರ ಇದ್ದ ಒಂದೇ ಒಂದು ಕ್ಯಾಮೆರಾ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಹೊನ್ನಾಳಿಯ ಹೊಳೆ ಮೆಟ್ಟಿಲ ಮೇಲೆ ಅಪ್ಪ ಜಾರಿಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಕ್ಯಾಮೆರಾ ಕಲ್ಲಿಗೆ ಬಡಿದು ನೀರಿಗೆ ಬಿತ್ತು. ಲೆನ್ಸಿನ ಮುಂದಿನ ಗಾಜಿನ ಅಂಚಿನಲ್ಲಿ ಜೋಳದ ಕಾಳಿನಷ್ಟು ಚಕ್ಕೆ ಎದ್ದಿತ್ತು, ಒಳಗೆಲ್ಲ ಮಂಜು ಕಟ್ಟಿತ್ತು.

"ಇದರ ಕಥೆ ಮುಗೀತು ಮಗಳೇ. ನಿನ್ನ ಕಾಲೇಜಿಂದೂ..." ಎಂದರು ಅಪ್ಪ.

"ಕೊಡಪ್ಪ ಇತ್ತ, ನಾ ನೋಡ್ತೀನಿ."

"ನೋಡಾಕೇನೈತೆ? ನನ್ನ ಗಡಿಯಾರದ ಗತಿನೇ ಅದಕ್ಕೂ!" ಅಡುಗೆಮನೆಯಿಂದಲೇ ಅತ್ತೆ ಕೂಗಿದರು.

ಜಾಮಿಟ್ರಿ ಡಬ್ಬಿಯ ಡಿವೈಡರಿನ ಎರಡು ಮೊನೆಗಳನ್ನು ಅರದಿಂದ ಉಜ್ಜಿ, ಲೆನ್ಸಿನ ಬಳೆಯ ಎರಡು ಕಚ್ಚುಗಳಿಗೆ ಕೂರುವಂತೆ ಮಾಡಿಕೊಂಡು, ಬಳೆಯನ್ನು ತಿರುಗಿಸಿ ತೆಗೆದೆ. ಗಾಜುಗಳನ್ನು ಬಿಚ್ಚಿದ ಕ್ರಮದಲ್ಲೇ ಅಪ್ಪನ ಹಳೇ ಪಂಚೆಯ ಮೇಲೆ ಸಾಲಾಗಿಟ್ಟೆ. ನೆರಳಲ್ಲಿ ಒಣಗಿಸಿ, ಒಗೆದು ಒಗೆದು ಮೆತ್ತಗಾದ ಬಟ್ಟೆಯಿಂದ ಒರೆಸಿ, ಮತ್ತೆ ಕೂಡಿಸಿದೆ. ಅತ್ತೆ ಬಂದು ಪಂಚೆ ಕೊಡವಿ ನೋಡಿದರು. ಏನೂ ಉದುರಲಿಲ್ಲ.

ಚಕ್ಕೆ ಮಾತ್ರ ಹೊಳೆಯುತ್ತಲೇ ಇತ್ತು. ಬೆಳಕು ಅದಕ್ಕೆ ತಾಗಿದರೆ ಚದುರಿ ಫಿಲ್ಮಿನ ಮೇಲೆಲ್ಲ ಬಿಳಿ ಚೆಲ್ಲುತ್ತದೆ. ಆ ಜಾಗವನ್ನು ಕಪ್ಪು ಮಾಡಿದರೆ ಬೆಳಕು ಚದುರುವುದಿಲ್ಲ. ಇಷ್ಟು ನಾನು ಕಾಲೇಜಿನಲ್ಲಿ ಕಲಿತಿದ್ದೆ. ಮನೆಯಲ್ಲಿದ್ದ ಕಪ್ಪು ಎಂದರೆ ಅತ್ತೆ ಮಾಡಿದ ಕಾಡಿಗೆ. ಬೆರಳ ತುದಿಯಲ್ಲಿ ತೆಗೆದು ಹಚ್ಚಿದೆ.

"ಕ್ಯಾಮೆರಾಕ್ಕೂ ದೃಷ್ಟಿಬೊಟ್ಟೇನೇ?" ಎಂದು ಅತ್ತೆ ನಕ್ಕರು. ಮನೆ ಮುಂದೆ ತೆಗೆದ ಫೋಟೋ ಚೆನ್ನಾಗೇ ಬಂತು.

ಆ ಧೈರ್ಯದಲ್ಲಿ ಜಗಳೂರಿನ ಒಂದು ಮದುವೆ ಒಪ್ಪಿಕೊಂಡೆವು. ಕೈಗೆ ಪಟ್ಟಿ ಕಟ್ಟಿಕೊಂಡ ಅಪ್ಪ ಪಕ್ಕದಲ್ಲಿ ನಿಂತು ಹೇಳಿದರು, ನಾನು ತೆಗೆದೆ. ಜಗಳೂರಿನ ಬಿಸಿಲು ಗೊತ್ತಲ್ಲ! ಕಾಡಿಗೆಯಲ್ಲಿದ್ದ ಎಣ್ಣೆ ಕರಗಿ ಗಾಜಿನ ತುಂಬ ಹರಿದಿತ್ತು. ಆ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಲೆನ್ಸು ಬೇರೆ. ನನಗೆ ತಿಳಿಯಲೇ ಇಲ್ಲ. ತೊಳೆಸಿದ ಫೋಟೋಗಳ ಲಕೋಟೆಯನ್ನು ಬಿಚ್ಚದೆಯೇ ಒಯ್ದು ಕೊಟ್ಟಾಗ ಹುಡುಗಿಯ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

"ನಮ್ಮ ಹುಡುಗಿ ಎಲ್ಲಿದಾಳ್ರೀ ಇದರಾಗೆ? ಹೊಗೆಯೊಳಗೆ ದೆವ್ವ ಕುಂತಂಗೈತೆ."

"ಇನ್ನೊಂದ್ಸಲ ತೆಗೆದು ಕೊಡ್ತೀವಿ ಅಜ್ಜಿ" ಎಂದೆ.

"ಅದಕ್ಕೆ ಇನ್ನೊಂದ್ಸಲ ತಾಳಿ ಕಟ್ಟಬೇಕೇನು?" ಎಂದ ಮದುಮಗ. ಎಲ್ಲರೂ ನಕ್ಕರು. ಅಪ್ಪ ತಲೆ ತಗ್ಗಿಸಿದರು.

ವಾಪಸು ಬರುವ ಬಸ್ಸಿನಲ್ಲಿ ಅಪ್ಪ, "ಸಾಕು ಮಗಳೇ, ಬಿಟ್ಟುಬಿಡಾಣ" ಎಂದರು.

"ಮಸಿ ಸರಿ ಐತಪ್ಪ. ಎಣ್ಣೆ ತಪ್ಪು" ಎಂದೆ.

ಮನೆಗೆ ಬಂದು ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ದೀಪ ಹಚ್ಚಿ ಮೇಲೆ ತಟ್ಟೆ ಬೋರಲು ಹಾಕಿದರು. ಅದಕ್ಕೆ ಹಿಡಿದ ಒಣ ಮಸಿಯನ್ನು ನಾನು ಕೆರೆದು, ಜಾಲಿ ಅಂಟು ನೆನೆಸಿದ ನೀರಲ್ಲಿ ಕಲಸಿ, ಜಾಲಿಮುಳ್ಳಿನ ತುದಿಯಿಂದ ಚಕ್ಕೆಯ ಗುಳಿಗೆ ತುಂಬಿದೆ. ಆರಿದ ಮೇಲೆ ಲೆನ್ಸನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ಇಟ್ಟು, ಪಕ್ಕದಲ್ಲೇ ಕಾವಲು ಕೂತೆ. ಮಸಿ ಅಲುಗಲಿಲ್ಲ.

ಮತ್ತೆ ಜಗಳೂರಿಗೆ ಹೋದೆವು. ಮದುಮಕ್ಕಳು ಅದೇ ಬಟ್ಟೆ ಉಟ್ಟು ಕೂತರು. ಬಿಸಿಲು ಚಕ್ಕೆಗೆ ನೇರ ತಾಗದಂತೆ ಸೂರ್ಯನಿಗೆ ಬೆನ್ನು ಮಾಡಿ ನಿಂತು ತೆಗೆದೆ. ಈ ಸಲ ಮೂಗುಬೊಟ್ಟಿನ ಹರಳು ಕೂಡ ಕಾಣುತ್ತಿತ್ತು. "ಈಗ ಬಂದ್ಲು ನೋಡ್ರಿ ನಮ್ಮ ಹುಡುಗಿ" ಎಂದರು ಅಜ್ಜಿ.

ಆಮೇಲೆ ಚನ್ನಗಿರಿ ಕಡೆಯ ಶಾಲೆಗಳಲ್ಲಿ ಗ್ರೂಪ್ ಫೋಟೋ ತೆಗೆಯಲು ಕರೆ ಬಂತು. ನಾನು ಎಲ್ಲಿ ಹೋದರೂ ಮೊದಲು ಬಿಸಿಲು ನೋಡುತ್ತಿದ್ದೆ, ಆಮೇಲೆ ಜನರನ್ನು. ಮಕ್ಕಳು ಬಿಸಿಲಿಗೆ ಮುಖ ಮಾಡಿ ಕಣ್ಣು ಕಿವುಚಿಕೊಂಡು ನಿಲ್ಲಬೇಕಿತ್ತು. ಹೆಡ್‌ಮಾಸ್ತರರು ನೆರಳಿಗೆ ಕೂರಿಸಿ ಎಂದರೆ ನಾನು ಬಗ್ಗುತ್ತಿರಲಿಲ್ಲ. ಮಳೆಗಾಲದಲ್ಲಿ ಅಂಟು ಬಿಟ್ಟರೆ ಅತ್ತೆ ಮತ್ತೆ ದೀಪ ಹಚ್ಚುತ್ತಿದ್ದರು. ಆ ಒಡಕು ಲೆನ್ಸೇ ನನ್ನ ಕೊನೇ ವರ್ಷ ಮುಗಿಸಿತು. ನಮ್ಮ ಮನೆತನದ ಮೊದಲ ಪದವೀಧರೆ ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಸರ್ಟಿಫಿಕೇಟು ತಂದ ದಿನ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಅತ್ತೆಗೆ ಕೊಟ್ಟರು. ಓದಲು ಬಾರದ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಲ್ಲಾ ಕೂಡೈತೇನೇ? ಏನೂ ಹೊರಗೆ ಉಳಿದಿಲ್ಲ ತಾನೆ?"

"ಇಲ್ಲ ಅತ್ತೆ."

"ಹಂಗಾರೆ ಇದಕ್ಕೆ ಗಾಜಿನ ಕಟ್ಟು ಹಾಕಿಸು. ಮೂಲೆಗೊಂದು ದೃಷ್ಟಿಬೊಟ್ಟು ನಾನಿಡ್ತೀನಿ. ಎಣ್ಣೆ ಹಾಕಲ್ಲ, ಹೆದರಬ್ಯಾಡ."