ಲೈನಿನಲ್ಲಿ ನಿಂತ ಮನೆ

“ಓದೂದು ನಮ್ಮ ಲೈನ್ ಅಲ್ಲ ತಮ್ಮಾ. ನಮ್ಮದು ಗೌಂಡಿ ಲೈನ್. ಈಕಿ ಡಿಗ್ರಿ ಮುಗಸೂದು ಈ ಜನ್ಮದಾಗ ಆಗೂ ಮಾತಲ್ಲ.” ಹೀಗೆಂದವರು ನಮ್ಮ ದೊಡ್ಡಪ್ಪ. ಹೇಳಿದ್ದು ಅಪ್ಪನಿಗೆ, ಆದರೆ ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಕೇಳಲಿ ಎಂದೇ ಹೇಳಿದ್ದು. ಬಸವನ ಬಾಗೇವಾಡಿಯಲ್ಲಿ ನಾನು ಪಾಠ ಹೇಳುವ ಶಾಲೆಗೆ ಈಗ ಹೊಸ ಕೋಣೆ ಕಟ್ಟುತ್ತಿದ್ದಾರೆ. ಬೆಳಿಗ್ಗೆ ಗೋಡೆಗೆ ನೀರು ಹೊಡೆದಾಗ ಹಸಿ ಸಿಮೆಂಟಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಗೌಂಡಿ ದಾರ ಬಿಗಿದು “ಏ, ಲೈನ್ ಹಿಡಿಯೋ” ಎಂದು ಒದರುತ್ತಾನೆ. ನಾನು ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತುಬಿಡುತ್ತೇನೆ. ಮಕ್ಕಳು ಮುಂದಿನ ವಾಕ್ಯಕ್ಕೆ ಕಾಯುತ್ತಾರೆ. ನನಗೆ ಮಾತ್ರ ಸಿಮೆಂಟು ಮೆತ್ತಿದ ಅಪ್ಪನ ಅಂಗಿ, ದೊಡ್ಡಪ್ಪನ ದನಿ, ಈಗ ಇಲ್ಲದ ಒಂದು ಮನೆ ಎಲ್ಲ ಒಮ್ಮೆಲೇ ಎದುರಿಗೆ ಬಂದು ನಿಲ್ಲುತ್ತವೆ.

ನಮ್ಮ ಊರು ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೋಗುವ ರಸ್ತೆಗೆ ಹತ್ತಿಕೊಂಡೇ ಇತ್ತು. ರಸ್ತೆಯ ಅಂಚಿಗೇ ನಮ್ಮ ಮನೆ: ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಊರವರ ಮನೆ ಕಟ್ಟುತ್ತಿದ್ದ ಅಪ್ಪನಿಗೆ ಸ್ವಂತ ಮನೆಯ ಬಿರುಕು ಮುಚ್ಚಲು ಪುರುಸೊತ್ತು ಇರಲಿಲ್ಲ. ಬೇಸಿಗೆಯಲ್ಲಿ ಹೊರಗಿನಿಂದ ಬಂದು ಒಳಗೆ ಕಾಲಿಟ್ಟರೆ ನೆಲದ ತಂಪು ಅಂಗಾಲಿನಿಂದ ಮೊಣಕಾಲಿನವರೆಗೆ ಏರುತ್ತಿತ್ತು. ಜೋಳದ ಚೀಲ, ಸೀಮೆಎಣ್ಣೆಯ ಡಬ್ಬಿ, ಸಾರಿಸಿದ ಸೆಗಣಿ ಸೇರಿದ ಆ ವಾಸನೆಯನ್ನು ನಾನು ಮತ್ತೆ ಎಲ್ಲಿಯೂ ಉಸಿರಾಡಿಲ್ಲ. ಆ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಆದರೆ ಲೈನ್ ಎನ್ನುವ ಶಬ್ದವಿಲ್ಲದೆ ನಮ್ಮ ಒಂದು ಹೊತ್ತೂ ಸಾಗುತ್ತಿರಲಿಲ್ಲ. ಕರೆಂಟು ಬಂದರೆ “ಲೈನ್ ಬಂತು” ಎಂದು ಅವ್ವ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಓಡುತ್ತಿದ್ದಳು. ಅಪ್ಪನಿಗೆ ಲೈನ್ ಎಂದರೆ ಕಲ್ಲುಗಳನ್ನು ನೇರ ಕೂಡಿಸುವ ದಾರ. ಅಕ್ಷರ ಬಾರದಿದ್ದರೂ ನನ್ನ ನಾಲ್ಕು ಗೆರೆಯ ಕಾಪಿ ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು, “ಇದೊಂದು ಲೈನ್ ಬಿಟ್ಟು ಹೊರಗ ಬಂದೈತಿ ನೋಡವ್ವಾ, ತಗದು ಮತ್ತ ಇಡು” ಎನ್ನುತ್ತಿದ್ದ. ಬಸ್ಸು ಬರದಿದ್ದರೆ ಈ ಲೈನಿಗೆ ಹಳೇ ಗಾಡಿ ಹಾಕುತ್ತಾರೆಂದು ಡಿಪೋದವರಿಗೆ ಬೈಗಳು. ಮಾತು ಕೇಳದವರನ್ನು ದೊಡ್ಡಪ್ಪ “ಲೈನಿಗೆ ತರ್ತೇನಿ” ಎನ್ನುತ್ತಿದ್ದರು. ಹುಡುಗನೊಬ್ಬ ಹುಡುಗಿಯ ಕಡೆ ಎರಡು ಸಲ ನೋಡಿದರೆ ಅದಕ್ಕೂ ಅದೇ ಶಬ್ದ. ಒಬ್ಬರ ಹಿಂದೊಬ್ಬರು ನಿಲ್ಲುವುದಕ್ಕೆ ನಮ್ಮಲ್ಲಿ ಮೊದಲು ಪಾಳಿ ಎನ್ನುತ್ತಿದ್ದರು. ಇವತ್ತಲ್ಲದಿದ್ದರೆ ನಾಳೆ ನಿನಗೂ ಬರುತ್ತದೆ ಎಂಬ ಭರವಸೆ ಆ ಮಾತಿನಲ್ಲೇ ಇತ್ತು. ಲೈನಿಗೆ ಅದಿಲ್ಲ. ನಿಲ್ಲಬೇಕು, ಅಷ್ಟೇ.

ಏಳನೆಯ ತರಗತಿಯಲ್ಲಿ ಗುರುಗಳು ಲೈನ್ ಅಂದರೆ ಗೆರೆ ಎಂದು ಬರೆಸಿದರು. ನಾನು ಎದ್ದು ನಿಂತು, “ಸರ್, ನಮ್ಮನ್ಯಾಗ ಕರೆಂಟಿಗೂ ಲೈನ್ ಅಂತಾರ್ರಿ” ಎಂದೆ. “ನಿಮ್ಮನ್ಯಾಗ ಏನರೆ ಅನ್ಲಿ, ಪರೀಕ್ಷಾದಾಗ ಗೆರಿ ಅಂತ ಬರಿ. ಕುಂದರು” ಎಂದರು. ತರಗತಿ ನಕ್ಕಿತು. ಎಷ್ಟೋ ವರ್ಷಗಳ ಮೇಲೆ ಮುದ್ದೇಬಿಹಾಳದ ಕಾಲೇಜಿನ ಗ್ರಂಥಾಲಯದಲ್ಲಿ ದಪ್ಪ ನಿಘಂಟು ತೆರೆದಾಗ ಆ ಒಂದು ಶಬ್ದದ ಅರ್ಥಗಳೇ ಪುಟದ ಮೇಲಿನಿಂದ ಕೆಳಗಿನವರೆಗೆ ತುಂಬಿದ್ದವು. ಸಂತೋಷವಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಅದರಲ್ಲಿ ಅರ್ಧ ನಮ್ಮ ಮನೆಯವರಿಗೆ ಗೊತ್ತಿದ್ದದ್ದೇ. ಅದಕ್ಕಾಗಿ ಅವರಿಗೆ ಯಾರೂ ಒಂದು ಅಂಕವನ್ನೂ ಕೊಟ್ಟಿರಲಿಲ್ಲ.

ನಮ್ಮ ಮನೆಯ ಪರವಾಗಿ ಎಲ್ಲ ಲೈನುಗಳಲ್ಲಿ ನಿಲ್ಲುತ್ತಿದ್ದವಳು ಗಂಗತ್ತಿ, ಅಪ್ಪನ ತಂಗಿ. ಸಿಂದಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಗಂಡನ ಮನೆಯವರು ಬಟ್ಟೆಯ ಗಂಟಿನೊಂದಿಗೆ ಬಸ್ಸು ಹತ್ತಿಸಿ ಕಳಿಸಿದರಂತೆ. ಅತ್ತಿ ಅಲ್ಲಿಯೂ ಒಂದು ಮಾತು ಆಡಲಿಲ್ಲ, ಇಲ್ಲಿ ದೊಡ್ಡಪ್ಪ ಯಾಕೆ ಬಂದೆ ಎಂದು ಕೇಳಿದಾಗಲೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಕೊಡ ತೆಗೆದುಕೊಂಡು ನಳದ ಕಡೆ ನಡೆದಳು. ಆಮೇಲೆ ನಳ, ರೇಶನ್, ಸೀಮೆಎಣ್ಣೆ, ದವಾಖಾನೆ, ಎಲ್ಲಿ ನಿಲ್ಲಬೇಕಾಗಿದ್ದರೂ ಅವಳೇ. ನಮ್ಮ ಓಣಿಯ ನಳಕ್ಕೆ ಒಂದು ರೀತಿ ಇತ್ತು. ಕೊಡ ಇಟ್ಟು ಮನೆಗೆ ಹೋಗಬಹುದು. ಮುಂದಿನವರು ತುಂಬಿಕೊಂಡು ಹೋದಂತೆಲ್ಲ ಹಿಂದಿನವರು ತಮ್ಮ ಕೊಡದ ಜೊತೆ ಆ ಕೊಡವನ್ನೂ ಮುಂದೆ ಸರಿಸಬೇಕು. ಮಾತು ಬಿಟ್ಟವರದಾದರೂ ಸರಿಸಬೇಕು. ರೇಶನ್ ಅಂಗಡಿಯಲ್ಲಿ ಕೊಡದ ಬದಲು ಚೀಲ, ಚೀಲ ಹಾರದಂತೆ ಮೇಲೊಂದು ಕಲ್ಲು. ಖಾಲಿ ಕೊಡಗಳ ಪಕ್ಕದಲ್ಲಿ ಕೂತು ನಾನು ಎಷ್ಟು ಪಾಠ ಬಾಯಿಪಾಠ ಮಾಡಿದ್ದೇನೋ! ನಳ ಒಮ್ಮೆ ಕೆಮ್ಮಿ ಗಾಳಿ ಬಿಡುವ ಸದ್ದಿಗೆ ಪುಸ್ತಕ ಮುಚ್ಚಿ ಎದ್ದರೆ, ನೀರು ಬರುತ್ತಿರಲಿಲ್ಲ. ಮತ್ತೆ ತೆರೆದರೆ ಓದಿದ್ದು ಮರೆತಿರುತ್ತಿತ್ತು. ತಲೆ ಕೆಡುತ್ತಿತ್ತು. ಅತ್ತಿಗೆ ಮಾತ್ರ ಎಂದೂ ಬೇಸರವಾದದ್ದನ್ನು ನಾನು ಕಾಣಲಿಲ್ಲ. ಅದೂ ನನ್ನ ಸಿಟ್ಟಿಗೆ ಒಂದು ಕಾರಣವಾಗಿತ್ತು.

ಡಿಗ್ರಿಯ ಕೊನೆಯ ಪರೀಕ್ಷೆಗೆ ಫಾರ್ಮ್ ತುಂಬುವ ಹೊತ್ತಿಗೆ, ಬಸ್‌ಸ್ಟ್ಯಾಂಡಿನಲ್ಲಿ ನನ್ನ ತರಗತಿಯ ಹುಡುಗನೊಬ್ಬ ಎರಡು ಸಲ ನೋಟ್ಸ್ ಕೇಳಿದ್ದು ಊರು ಮುಟ್ಟಿತ್ತು. “ಯಾವನೋ ಲೈನ್ ಹೊಡ್ಯಾಕತ್ಯಾನಂತ. ಸಾಕಿನ್ನ. ಇಂಡಿ ಕಡೆಯಿಂದ ಒಂದು ಸಂಬಂಧ ಬಂದೈತಿ, ಲಿಂಬಿ ತ್ವಾಟ ಐತಿ, ಮಂದಿ ಛಲೋ ಅದಾರ” ಎಂದರು ದೊಡ್ಡಪ್ಪ. ಅಣ್ಣನ ಮುಂದೆ ಅಪ್ಪನಿಗೆ ದನಿಯೇ ಏಳುತ್ತಿರಲಿಲ್ಲ. ಆದರೂ ಅಂದು, “ನಾಳೆ ಫಾರ್ಮಿಗೆ ಕಡೀ ದಿನ ಐತಣ್ಣಾ. ಅದೊಂದು ತುಂಬಿ ಬರ್ಲಿ” ಎಂದ. “ತುಂಬಿದ್ರ ಪರೀಕ್ಷಾ ಬರೀಲಿ. ತುಂಬಲಿಲ್ಲಂದ್ರ ಇಂಡಿಯವ್ರಿಗೆ ಹ್ಞೂ ಅಂತೇನಿ. ಆದರ ಒಬ್ಬಾಕಿನ ಕಳಸಬ್ಯಾಡ” ಎಂದರು ದೊಡ್ಡಪ್ಪ. ಒಲೆಯ ಮುಂದಿನಿಂದ ಅತ್ತಿ ತಿರುಗಿ ನೋಡದೆಯೇ ಹೇಳಿದಳು: “ನಾ ಹೋಗ್ತೇನಿ.”

ಮರುದಿನ ನಾವು ಕಾಲೇಜು ಮುಟ್ಟುವಷ್ಟರಲ್ಲಿ ಫಾರ್ಮ್ ತೆಗೆದುಕೊಳ್ಳುವ ಕಿಟಕಿಯ ಮುಂದಿನ ಲೈನು ಮೆಟ್ಟಿಲಿಳಿದು ಬೇವಿನ ಗಿಡದವರೆಗೆ ಬಂದಿತ್ತು. ಬ್ಯಾಂಕಿನ ಚಲನ್ ಇಲ್ಲದೆ ಫಾರ್ಮ್ ತೆಗೆದುಕೊಳ್ಳುವುದಿಲ್ಲ, ಬ್ಯಾಂಕಿನಲ್ಲಿ ಇನ್ನೊಂದು ಲೈನು. “ನೀ ಇಲ್ಲೇ ನಿಂದರು, ನಾ ಚಲನ್ ಮಾಡಿಸ್ಕೊಂಡು ಬರ್ತೇನಿ” ಎಂದು ಅತ್ತಿಯನ್ನು ಹುಡುಗ ಹುಡುಗಿಯರ ನಡುವೆ ನಿಲ್ಲಿಸಿ ಓಡಿದೆ. ಬ್ಯಾಂಕಿನಲ್ಲಿ ಕಂಪ್ಯೂಟರ್ ನಿಂತಿತ್ತು. “ಲೈನ್ ಇಲ್ಲವ್ವಾ, ನಾವೇನ್ ಮಾಡೂನು? ಬಂದ್ರ ಮಾಡ್ತೇವಿ” ಎಂದ ಒಳಗಿನವ. ಒಂದು ತಾಸು, ಎರಡು ತಾಸು. ಮುಂದೆ ಹತ್ತಾರು ಮಂದಿ, ಹಿಂದೆ ಹತ್ತಾರು ಮಂದಿ, ಯಾರೂ ಅಲುಗುವಂತಿಲ್ಲ. ನಾನು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಅತ್ತಿ ಕಂಡಳು. ಮುಖದ ತುಂಬ ಬೆವರು, ಕೈಯಲ್ಲಿ ಅರಿವೆಯಲ್ಲಿ ಸುತ್ತಿದ ರೊಟ್ಟಿ.

“ಮುಂಜಾನಿಯಿಂದ ಏನೂ ತಿಂದಿಲ್ಲ ನೀ. ಹೊರಗ ಕುಂತು ತಿನ್ನು ಹೋಗು, ಇಲ್ಲಿ ನಾ ನಿಂದರ್ತೇನಿ.”

“ಅಲ್ಲಿ ಯಾರ್ ನಿಂತಾರ ಅತ್ತಿ?”

“ಚೀಲ ಇಟ್ಟು ಬಂದೇನಿ. ಮ್ಯಾಲ ಕಲ್ಲ ಇಟ್ಟೇನಿ.”

ನಾನು ಒದರಿಬಿಟ್ಟೆ. ಬ್ಯಾಂಕಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಒದರಿದೆ. “ಅದೇನ್ ನಮ್ಮ ಓಣಿ ನಳ ಅಂತ ತಿಳದಿಯೇನು? ಅಲ್ಲಿ ನಿನ್ನ ಚೀಲಕ್ಕ ಯಾರ್ ಕಿಮ್ಮತ್ ಕೊಡ್ತಾರ? ನಿನಗೇನ್ ತಿಳೀತೈತಿ! ಜನ್ಮ ಪೂರ್ತಿ ನಿಂತಿ, ಏನ್ ಸಿಕ್ತು ನಿನಗ? ನನ್ನ ಜನ್ಮಾನೂ ಹಂಗ ಮಾಡಬೇಕಂತೀಯೇನು?” ಅತ್ತಿ ನೀಡಿದ ಕೈಯನ್ನು ನಿಧಾನ ಹಿಂದೆ ತೆಗೆದುಕೊಂಡಳು. ರೊಟ್ಟಿಯ ಮೇಲಿನ ಅರಿವೆಯನ್ನು ಮತ್ತೊಮ್ಮೆ ಸರಿಯಾಗಿ ಮಡಚಿದಳು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಕಂಪ್ಯೂಟರ್ ನಡೆದು, ಚಲನಿಗೆ ಠಸ್ಸೆ ಬಿದ್ದು, ನಾನು ಅತ್ತಿಯನ್ನು ಹಿಂದೆಯೇ ಬಿಟ್ಟು ಕಾಲೇಜಿಗೆ ಓಡಿದಾಗ ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ. ಚೀಲವೂ ಇರಲಿಲ್ಲ. ಇಂಡಿಯ ಲಿಂಬಿ ತೋಟ ಕಣ್ಣಿಗೆ ಕಟ್ಟಿತು. ಮೆಟ್ಟಿಲು ಹತ್ತಿ ನೋಡಿದರೆ ಕಿಟಕಿಗೆ ಇನ್ನು ಇಬ್ಬರೇ ಇರುವಲ್ಲಿ ನಮ್ಮ ರೇಶನ್ ಚೀಲ, ಮೇಲೆ ಕಲ್ಲು ಹೊತ್ತುಕೊಂಡೇ ಕೂತಿತ್ತು. ಹಿಂದೆ ನಿಂತಿದ್ದ ಒಬ್ಬ ಹುಡುಗಿ, ನಾನು ಎಂದೂ ನೋಡದವಳು, “ಇದು ನಿಮ್ಮದೇನ್ರಿ?” ಎಂದಳು. “ಆ ಅತ್ತಿಯಾರು ಇಟ್ಟು ಹೋದಾಗ ಇವರೆಲ್ಲ ನಕ್ಕರು. ಒಬ್ಬಾಂವ ಬದಿಗೆ ಒದ್ದ. ನಮ್ಮೂರಾಗೂ ಹಿಂಗ ಇಡ್ತಾರ್ರಿ. ಮತ್ತ ತಂದಿಟ್ಟು ಸರಿಸ್ಕೋತ ಬಂದೆ.” ಒಳಗಿನ ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿ, “ಚೀಲ ಪರೀಕ್ಷಾ ಬರೀತೈತೋ, ನೀ ಬರೀತಿಯೋ? ಲಗೂ ಕೊಡು, ಬಂದ್ ಮಾಡೂದೈತಿ” ಎಂದು ಫಾರ್ಮ್ ಎಳೆದುಕೊಂಡ. ನಾನು ಆ ಹುಡುಗಿಯ ಹೆಸರನ್ನೂ ಕೇಳಲಿಲ್ಲ. ಅತ್ತಿ ಏದುಸಿರು ಬಿಡುತ್ತ ಬಂದು, ಚೀಲ ಝಾಡಿಸಿ ಮಡಚಿಕೊಂಡು, ಕಲ್ಲನ್ನು ಎತ್ತಿದ್ದಲ್ಲಿಗೇ, ಗಿಡದ ಬುಡಕ್ಕೇ ಹೋಗಿ ಇಟ್ಟು ಬಂದಳು. ಊರು ಮುಟ್ಟುವವರೆಗೆ ಬಸ್ಸಿನಲ್ಲಿ ಅತ್ತಿ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ತಪ್ಪಾಯಿತು ಎನ್ನಲು ನನಗೆ ಮಾತೇನೂ ಕಡಿಮೆ ಇರಲಿಲ್ಲ. ಆದರೂ ಅಂದು ಅನ್ನಲಿಲ್ಲ, ಮರುದಿನವೂ ಅನ್ನಲಿಲ್ಲ.

ಪರೀಕ್ಷೆ ಬರೆದೆ, ಪಾಸಾದೆ. ಆ ಬೇಸಿಗೆಗೆ ರಸ್ತೆ ಅಗಲ ಮಾಡುವವರು ಬಂದು ಪಡಸಾಲೆಯ ಗೋಡೆಯ ಮೇಲೆ ಕೆಂಪು ಬಣ್ಣ ಎಳೆದು ಹೋದರು. ಮನೆ ಲೈನಿಗೆ ಬಂದಿದೆ ಎಂದರು. ಬೇರೆಯವರು ಕೈ ಹಚ್ಚುವುದು ಬೇಡವೆಂದು ಅಪ್ಪನೇ ಒಂದೊಂದು ಕಲ್ಲು ಬಿಚ್ಚಿದ. ಅವನು ಬಿಚ್ಚುವುದನ್ನು ದೊಡ್ಡಪ್ಪ ರಸ್ತೆಯ ಆಚೆ ಕೂತು ನೋಡಿದರು. ಆ ತಂಪು ನೆಲದ ಮೇಲೆ ಈಗ ಲಾರಿ ಓಡುತ್ತವೆ. ಓಣಿಯ ಪ್ರತಿ ಮನೆಗೂ ನಳ ಬಂದಿದೆ, ಯಾರ ಕೊಡವನ್ನೂ ಯಾರೂ ಸರಿಸಬೇಕಾಗಿಲ್ಲ. ಅದಕ್ಕಾಗಿ ನಾನು ಅಳುವವಳಲ್ಲ. ಆ ಲೈನುಗಳು ನನ್ನ ಬಾಲ್ಯವನ್ನು ತಿಂದಿವೆ. ಆದರೆ ಅತ್ತಿ ತೀರಿಕೊಂಡು ಎರಡು ವರ್ಷವಾಯಿತು, ಮತ್ತು ನಿಮ್ಮ ಮನೆಯಲ್ಲೂ ನಿಮಗಾಗಿ ನಿಂತವಳು ಒಬ್ಬಳು ಇದ್ದಿದ್ದರೆ, ಅವಳಿಗೆ ಹೇಳದೇ ಉಳಿದ ಮಾತು ಯಾವ ಹೊತ್ತಿನಲ್ಲಿ ಎದೆಗೆ ಒತ್ತುತ್ತದೆ ಎಂಬುದು ನಿಮಗೇ ಗೊತ್ತು.

ಮನೆ ಬಿಚ್ಚಿದ ಮರುವರ್ಷ ಪದವಿ ಪತ್ರ ಕೈಗೆ ಬಂದಾಗ ನಾವು ಬಾಡಿಗೆ ಮನೆಯಲ್ಲಿದ್ದೆವು. ಅತ್ತಿ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಪ್ಪನಿಗೂ ತೋರಿಸದೆ ಮೊದಲು ಅವಳ ಕೈಯಲ್ಲಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದಳು. “ನಿನ್ನ ಹೆಸರು ಎಲ್ಲೈತಿ?” ಎಂದಳು. ಬೆರಳಿಟ್ಟು ತೋರಿಸಿದೆ. ಅವಳು ತನ್ನ ಬೆರಳನ್ನು ನನ್ನ ಬೆರಳಿನ ಪಕ್ಕದಲ್ಲಿ ತಂದಿಟ್ಟಳು, ಕಾಗದಕ್ಕೆ ತಾಗುವುದೋ ಬೇಡವೋ ಎನ್ನುವಷ್ಟು ಹಗುರಾಗಿ. “ಅತ್ತಿ, ಅವತ್ತು ಬ್ಯಾಂಕಿನಾಗ ನಾ…” ಎಂದು ಶುರು ಮಾಡಿದೆ. ಅವಳು ಮುಂದೆ ಹೋಗಗೊಡಲಿಲ್ಲ.

“ಅವತ್ತು ಖರೇನ ಒದರಿದಿ ತಗಿ. ನಾನೂ ನಿನ್ನ ವಯಸ್ಸಿನಾಗ ಒಮ್ಮೆರೆ ಹಂಗ ಒದರಬೇಕಿತ್ತವ್ವಾ.”