ಕುಡಿಯದವರ ಲಿವರ್

ಇದು ಕಳೆದ ಬೇಸಿಗೆಯಲ್ಲಿ ಬಾಲಾನಗರದ ಒಂದು ಕ್ಲಿನಿಕ್‌ನಲ್ಲಿ ನಡೆದದ್ದು. ಕುಡಿಯದವರ ಲಿವರಿನಲ್ಲೂ ಕೊಬ್ಬು ಸೇರಲು ಯಾವ ಜೀನ್‌ಗಳು ಕಾರಣವೆಂದು ಹುಡುಕುವ ಅಧ್ಯಯನಕ್ಕೆ ನಾನು ರಕ್ತ ಸಂಗ್ರಹಿಸುತ್ತಿದ್ದೆ. ತೆಲುಗು ಮಾತಾಡುವ ಆ ಊರಿಗೆ ನಾನು ಹೊಸಬ. ಸಂಜೆ ರೂಮಿಗೆ ಮರಳಿದರೆ ಮಾತಾಡಲು ಯಾರೂ ಇರಲಿಲ್ಲ.

ಯಾದಗಿರಿ ಕಡೆಯ ಗಾರೆ ಕೆಲಸದವರೊಬ್ಬರು ನನ್ನ ಗುರುತಿನ ಚೀಟಿಯಲ್ಲಿನ ಹೆಸರು ನೋಡಿ, "ನಮ್ಮ ಕಡೆಯವರೇನ್ರಿ?" ಎಂದರು. ಲಿವರಿನಲ್ಲಿ ಕೊಬ್ಬಿದೆಯೆಂಬ ಸ್ಕ್ಯಾನ್ ವರದಿ ಕೇಳಿದ ಅವರ ಹೆಂಡತಿ, ಇವರು ಕದ್ದು ಕುಡಿಯುತ್ತಾರೆಂದು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದರಂತೆ.

"ನೀವಾದ್ರೂ ಹೇಳ್ರಿ ಸರ," ಎಂದು ಹೆಂಡತಿಗೆ ಫೋನ್ ಹಚ್ಚಿ ನನಗೆ ಕೊಟ್ಟರು.

"ಕುಡಿಯದವರಿಗೂ ಇದು ಬರುತ್ತಮ್ಮಾ," ಎಂದೆ.

"ನೀವೂ ಅವರ ಜೋಡಿ ಕುಡಿಯೋರೇನ್ರಿ?"

ಜೀನ್‌ಗಳ ವಿಷಯ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ಹಂಗಾರ ಇವರು ಕುಡಿಯಂಗಿಲ್ಲ ಅಂತ ನಿಮ್ಮ ಟೆಸ್ಟಿನಾಗ ಗೊತ್ತಾಗ್ತೈತೇನ್ರಿ?"

"ಇಲ್ಲಮ್ಮಾ, ಅದು ಗೊತ್ತಾಗೋದಿಲ್ಲ."

ಆಕೆ ಫೋನ್ ಇಟ್ಟರು.

"ಗೊತ್ತಾಗ್ತೈತಿ ಅನಬೇಕಿತ್ರಿ ಸರ," ಎಂದು ಅವರು ರಕ್ತ ಕೊಡಲು ತೋಳು ಚಾಚಿದರು.

ಆ ತಿಂಗಳು ನಾನು ಕನ್ನಡ ಮಾತಾಡಿದ್ದು ಆ ಗಂಡ ಹೆಂಡಿರ ಜೊತೆ ಮಾತ್ರ.

ಕುಡಿತದ ವಿಚಾರದಲ್ಲಿ ಬಂದವರ ಮಾತನ್ನೇ ನಂಬಬೇಕೆಂಬುದು ನಮ್ಮ ಅಧ್ಯಯನದ ನಿಯಮ. ಅವರ ಫಾರಂನಲ್ಲಿ, ವಾರಕ್ಕೆ ಎಷ್ಟು ಸಲ ಕುಡಿಯುತ್ತೀರಿ ಎಂಬಲ್ಲಿ ಬರೆದೆ: ಸೊನ್ನೆ.